ಹೆಲ್ಸಿಂಕಿಯ ಪುಸ್ತಕಮಂದಿರಗಳು

ಒಂದು ಊರಿನ ಜನರ ಮನಸ್ಸನ್ನು ಅರಿಯಬೇಕೆಂದಿರುವ ಪ್ರವಾಸಿಯು ಅಲ್ಲಿಯ ಅರಮನೆಯನ್ನೂ ಪೇಟೆಯನ್ನೂ ನೋಡಿ ಬಂದರೆ ಸಾಲದು. ಅರಮನೆಯು ಆಳಿದವರ ಮನಸ್ಸನ್ನು ತೋರಿಸುತ್ತದೆ. ಪೇಟೆಯು ವರ್ತಕರ ಮನಸ್ಸನ್ನು ತೋರಿಸುತ್ತದೆ. ಆ ಊರಿನವರು ಯಾರು ಯಾರನ್ನು ತಮ್ಮವರೆಂದು ಎಣಿಸಿರುವರೆಂಬುದನ್ನು ತಿಳಿಯಬೇಕಾದರೆ, ಕಾಸು ಕೊಡದೆ, ಕಾರಣ ಹೇಳದೆ, ಯಾರು ಬೇಕಾದರೂ ಹೋಗಿ ಕುಳಿತುಕೊಳ್ಳಬಹುದಾದ ಸ್ಥಳ ಯಾವುದೆಂದು ವಿಚಾರಿಸಬೇಕು. ನಮ್ಮ ಹಿಂದಿನವರಿಗೆ ಇಂತಹ ಸ್ಥಳಗಳು ಹಲವು ಇದ್ದವು: ದೇವಾಲಯದ ಮುಖಮಂಟಪ, ಅರಳಿಕಟ್ಟೆ, ಕೆರೆಯ ಏರಿ, ಛತ್ರದ ಜಗಲಿ. ಅವು ಕೂಡ ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಈಗಿನ ಪಟ್ಟಣಗಳಲ್ಲಿ ಆ ಕಟ್ಟೆ ಜಗಲಿಗಳು ಕರಗಿ ಹೋಗುತ್ತಿವೆ. ಅವುಗಳ ಸ್ಥಾನವನ್ನು ತುಂಬಬಲ್ಲ ಕಟ್ಟಡವೆಂದರೆ ಸಾರ್ವಜನಿಕ ಪುಸ್ತಕಾಲಯವೊಂದೇ ಎಂದು ನಮಗೆ ಬಹುಕಾಲದಿಂದ ತೋರಿದ್ದಿತು. ಆ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಫಿನ್ಲೆಂಡಿನ ರಾಜಧಾನಿಯಾದ ಹೆಲ್ಸಿಂಕಿಯಲ್ಲಿ ಕಣ್ಣಾರೆ ಕಂಡು ಬಂದೆವು.

ನಾವು ಅಲ್ಲಿಗೆ ಹೋದುದು ಕಾರ್ತಿಕ ಮಾಸದಲ್ಲಿ. ನಮ್ಮಲ್ಲಿ ದೀಪಗಳನ್ನು ಸಾಲಾಗಿ ಹಚ್ಚುವ ಆ ಮಾಸದಲ್ಲಿ ಅವರೂ ದೀಪ ಹಚ್ಚುತ್ತಾರೆ. ಆದರೆ ಹಬ್ಬಕ್ಕಾಗಿ ಅಲ್ಲ, ನಾಲ್ಕು ಗಂಟೆಯಾಗುವಷ್ಟರಲ್ಲಿಯೇ ಕತ್ತಲೆ ಕವಿಯುವುದರಿಂದ. ಸಮುದ್ರದ ಮೇಲಿನಿಂದ ಬೀಸುವ ಗಾಳಿಯು ಎಲುಬನ್ನು ಹೊಕ್ಕು ನೋಡುತ್ತದೆ. ಅಂತಹ ಊರಿನಲ್ಲಿ ಮರದ ನೆರಳಿನ ಕಟ್ಟೆಯಿಂದ ಪ್ರಯೋಜನವಿಲ್ಲ. ಜನರು ಸೇರಬೇಕಾದರೆ ಬೆಚ್ಚಗಿರುವ ಮನೆಯೇ ಬೇಕು. ನಮ್ಮ ಸಂಗಡ ನಿವೃತ್ತ ಉಪಾಧ್ಯಾಯರೊಬ್ಬರು ಬಂದಿದ್ದರು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು; ಪುಸ್ತಕವನ್ನು ಕಾಲಿಗೆ ತಾಕಿಸಿದರೆ ಕಣ್ಣಿಗೊತ್ತಿಕೊಳ್ಳದೆ ಬಿಡದವರು. ಅವರನ್ನು ಇಲ್ಲಿ ಮೇಷ್ಟರೆಂದೇ ಕರೆಯುತ್ತೇವೆ.

ಫಿನ್ಲೆಂಡು ಚಿಕ್ಕ ರಾಷ್ಟ್ರ. ಅದರ ಒಟ್ಟು ಜನಸಂಖ್ಯೆ ಸುಮಾರು 56 ಲಕ್ಷ, ಎಂದರೆ ಬೆಂಗಳೂರು ನಗರವೊಂದರ ಜನಸಂಖ್ಯೆಗಿಂತ ಕಡಿಮೆ. ಆರು ಶತಮಾನಗಳಿಗೂ ಮಿಕ್ಕಿ ಸ್ವೀಡನ್ನಿನ ಆಳಿಕೆಯಲ್ಲಿದ್ದು, 1809ರಿಂದ ರಷ್ಯದ ಚಕ್ರವರ್ತಿಗಳಿಗೆ ಒಳಪಟ್ಟು, 1917ನೆಯ ಡಿಸೆಂಬರ್ 6ರಂದು ಅದು ಸ್ವತಂತ್ರವಾಯಿತು. ವಿದ್ಯಾವಂತರ ಭಾಷೆ ಸ್ವೀಡಿಷ್ ಆಗಿದ್ದಿತು. ಫಿನ್ನಿಷ್ ಭಾಷೆಯು ಒಕ್ಕಲಿಗರ ಮನೆಯಲ್ಲಿಯೂ ಹಾಡುಗಾರರ ಬಾಯಲ್ಲಿಯೂ ಉಳಿದಿತ್ತು. 1835ರಲ್ಲಿ ಲ್ಯೋನ್‌ರೋತ್ ಎಂಬ ವೈದ್ಯನು ಜನಪದ ಹಾಡುಗಳನ್ನು ಕೂಡಿಸಿ 'ಕಾಲೆವಾಲ' ಎಂಬ ಮಹಾಕಾವ್ಯವಾಗಿ ಹೊರತಂದನು. 1863ರಲ್ಲಿ ಆ ಭಾಷೆಗೆ ಕಚೇರಿಗಳಲ್ಲಿ ಸಮಾನ ಸ್ಥಾನ ದೊರಕುವಂತೆ ರಾಜಾಜ್ಞೆಯಾಯಿತು. ತನ್ನ ನುಡಿಯನ್ನು ಪುಸ್ತಕಕ್ಕೇರಿಸಿಕೊಂಡೇ ರಾಷ್ಟ್ರವಾದ ಜನಕ್ಕೆ ಪುಸ್ತಕಾಲಯವು ಅಲಂಕಾರದ ವಸ್ತುವಲ್ಲ. ಸ್ವತಂತ್ರವಾಗಿ ಹನ್ನೊಂದು ವರ್ಷಗಳೊಳಗಾಗಿ, 1928ರಲ್ಲಿ, ಅವರು ಪುಸ್ತಕಾಲಯಗಳಿಗಾಗಿಯೇ ಒಂದು ಶಾಸನವನ್ನು ಮಾಡಿಕೊಂಡರು.

ಹೆಲ್ಸಿಂಕಿಯಲ್ಲಿ ಒಂದು ದಿನ ನಡೆದಾಡಿದರೆ ಸುಮಾರು ಇನ್ನೂರು ವರ್ಷಗಳ ಪುಸ್ತಕಮಂದಿರಗಳನ್ನು ಕ್ರಮವಾಗಿ ನೋಡಬಹುದು. ಆ ಕ್ರಮದಲ್ಲಿಯೇ ವಾಚಕರನ್ನು ಕರೆದೊಯ್ಯುವೆವು. ಏಕೆಂದರೆ ಪ್ರತಿಯೊಂದು ಕಟ್ಟಡದ ಬಾಗಿಲೂ ಓದುಗನೆಂದರೆ ಯಾರೆಂಬ ಪ್ರಶ್ನೆಗೆ ತನ್ನ ಕಾಲದ ಉತ್ತರವನ್ನು ಹೇಳುತ್ತದೆ.

ಮೊದಲನೆಯದು ಸೆನೆಟ್ ಚೌಕದ ಬಳಿ, ಬಿಳಿಯ ದೊಡ್ಡ ಇಗರ್ಜಿಗೆ ಎದುರಾಗಿರುವ ರಾಷ್ಟ್ರೀಯ ಪುಸ್ತಕಭಂಡಾರ. ಇದು ಮೊದಲು ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವಾಗಿದ್ದಿತು. ವಿಶ್ವವಿದ್ಯಾನಿಲಯವಿದ್ದುದು ತುರ್ಕು ಎಂಬ ಹಳೆಯ ಪಟ್ಟಣದಲ್ಲಿ. 1827ರಲ್ಲಿ ಆ ಪಟ್ಟಣಕ್ಕೆ ಬೆಂಕಿ ಬಿದ್ದು ಪುಸ್ತಕಭಂಡಾರವೆಲ್ಲ ಬೂದಿಯಾಯಿತು. ಉಳಿದ ಕೆಲವು ನೂರು ಗ್ರಂಥಗಳಲ್ಲಿ ಬಹುಪಾಲು ಆ ದಿನ ಓದುಗರು ಎರವಲಾಗಿ ಮನೆಗೆ ಒಯ್ದಿದ್ದವು! ಕಪಾಟಿನಲ್ಲಿ ಭದ್ರವಾಗಿದ್ದವು ಸುಟ್ಟವು. ಜನರ ಕೈ ಸೇರಿದವು ಬದುಕಿದವು. ಈ ಸಂಗತಿಯನ್ನು ಕೇಳಿ ಮೇಷ್ಟರು ತಲೆದೂಗಿ, "ಪುಸ್ತಕವನ್ನು ಕೊಟ್ಟರೆ ಹಾಳಾಗುತ್ತದೆಂದು ಬೀಗ ಹಾಕುವವರೆಲ್ಲರೂ ಈ ಕಥೆಯನ್ನು ಕೇಳಬೇಕು" ಎಂದರು. ಮರುವರ್ಷ ವಿಶ್ವವಿದ್ಯಾನಿಲಯವು ಹೆಲ್ಸಿಂಕಿಗೆ ಬಂದಿತು. ಎಂಗೆಲ್ ಎಂಬ ಶಿಲ್ಪಿಯು ಈ ಮಂದಿರವನ್ನು ರೂಪಿಸಿದನು. 1840ರಲ್ಲಿ ಅವನು ತೀರಿಕೊಂಡ ಮೇಲೆ ಕೆಲಸವು ಮುಗಿಯಿತು. ಒಳಗೆ ನಿಂತು ಮೇಲೆ ನೋಡಿದರೆ ಚಿತ್ರಿತವಾದ ಗುಮ್ಮಟ. ಸುತ್ತಲೂ ಎತ್ತರವಾದ ಕಂಬಗಳ ಸಾಲು. ಕಂಬಗಳ ಹಿಂದೆ ಗೋಡೆಯುದ್ದಕ್ಕೂ ಗ್ರಂಥಗಳು. ಕಾಲು ತಾನಾಗಿ ಮೆಲ್ಲನೆ ಹೆಜ್ಜೆಯಿಡುತ್ತದೆ. ಇದು ಪಂಡಿತರಿಗಾಗಿ ಕಟ್ಟಿದ ಮನೆ. ಇಲ್ಲಿ ಮೌನವು ನಿಯಮವಲ್ಲ, ಭಕ್ತಿ.

ಎರಡನೆಯದು ಅಲ್ಲಿಂದ ಸ್ವಲ್ಪ ದೂರದಲ್ಲಿ, ರಿಕಾರ್ಡಿನ್‌ಕಾತು ಎಂಬ ಬೀದಿಯಲ್ಲಿರುವುದು. ತೇವೊದೊರ್ ಹೊಯ್ಯರ್ ಎಂಬ ಶಿಲ್ಪಿಯು ರಚಿಸಿದ ಈ ಕಟ್ಟಡವು 1882ರಲ್ಲಿ ತೆರೆಯಿತು. ಸಾರ್ವಜನಿಕ ಪುಸ್ತಕಾಲಯಕ್ಕೆಂದೇ ಆ ದೇಶದಲ್ಲಿ ಕಟ್ಟಿದ ಮೊದಲನೆಯ ಮನೆ ಇದು. ಹೊರಗಿನಿಂದ ನೋಡಿದರೆ ಗೌರವಸ್ಥರೊಬ್ಬರ ಮಹಡಿಮನೆಯಂತಿದೆ. ಒಳಗೆ ಸುರುಳಿಯಾಗಿ ಮೇಲೇರುವ ಸೋಪಾನ, ಅಂತಸ್ತು ಅಂತಸ್ತಿಗೂ ಓದುವ ಕೋಣೆಗಳು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಪೇಟೆಯವನೂ ಕಚೇರಿಯ ಗುಮಾಸ್ತನೂ ಇಲ್ಲಿ ಓದುಗರಾದರು. 1986ರಲ್ಲಿ ಪಾಸಿಲ ಎಂಬಲ್ಲಿ ಬೇರೆ ಕಟ್ಟಡವಾಗುವವರೆಗೆ, ನೂರು ವರ್ಷಗಳಿಗೂ ಮಿಕ್ಕಿ, ಇದೇ ನಗರದ ಮುಖ್ಯ ಪುಸ್ತಕಾಲಯವಾಗಿದ್ದಿತು. ಈಗಲೂ ಇಲ್ಲಿ ಓದುಗರು ಬಂದು ಕುಳಿತುಕೊಳ್ಳುತ್ತಾರೆ.

ಮೂರನೆಯದನ್ನು ನೋಡಬೇಕಾದರೆ 'ಉದ್ದ ಸೇತುವೆ' ಎಂಬುದನ್ನು ದಾಟಬೇಕು. ಹೆಸರಿಗೆ ಮಾತ್ರ ಉದ್ದ. ಐದು ನಿಮಿಷದೊಳಗೆ ದಾಟಬಹುದು. ಆದರೆ ಹಿಂದೆ ಅದು ಸ್ಥಿತಿವಂತರ ಪೇಟೆಗೂ ಕೂಲಿಕಾರರ ಕೇರಿಗೂ ನಡುವಣ ಗಡಿಯಾಗಿದ್ದಿತು. ಆಚೆ ಇರುವುದು ಕಲ್ಲಿಯೊ. ಆ ಮಾತಿಗೆ ಬಂಡೆಯೆಂದರ್ಥ. ಕಾರಖಾನೆಗಳಲ್ಲಿ ದುಡಿಯುವವರು ಬಂಡೆಗಳ ಮೇಲೆ ಮರದ ಮನೆಗಳನ್ನು ಕಟ್ಟಿಕೊಂಡಿದ್ದ ದಿಬ್ಬ. ಅಲ್ಲಿ 1912ರಲ್ಲಿ ನಗರದವರು ಇಟ್ಟಿಗೆಯ ಒಂದು ಪುಸ್ತಕಾಲಯವನ್ನು ಕಟ್ಟಿದರು. ಎತ್ತರವಾದ ಕಿಟಕಿಗಳು, ಬಳಸಿ ಸವೆದ ಮೆಟ್ಟಿಲುಗಳು. ದಿನವೆಲ್ಲ ದುಡಿದವನು ಸಂಜೆ ಕೈ ತೊಳೆದುಕೊಂಡು ಇಲ್ಲಿಗೆ ಬಂದನು. ಅವನ ಒಂದೇ ಕೋಣೆಯ ಮನೆಯಲ್ಲಿ ಇಲ್ಲದ ಮೂರು ವಸ್ತುಗಳು ಇಲ್ಲಿದ್ದವು: ಒಳ್ಳೆಯ ದೀಪ, ಬೆಚ್ಚಗಿನ ಕೋಣೆ, ಓದುವ ಮೇಜು. ಪುಸ್ತಕವು ನಾಲ್ಕನೆಯದು. ಇದನ್ನು ನೋಡಿದಾಗ ನಮಗೆ ಒಂದು ಸಂಗತಿ ಹೊಳೆಯಿತು. ಪುಸ್ತಕಾಲಯವು ಪುಸ್ತಕವನ್ನು ಕೊಡುವುದರ ಜೊತೆಗೆ, ಮನೆಯಲ್ಲಿ ಯಾವುದಕ್ಕೆ ಸ್ಥಳವಿಲ್ಲವೋ ಅದಕ್ಕೆ ಸ್ಥಳವನ್ನೂ ಯಾವಾಗಲೂ ಕೊಡುತ್ತಲೇ ಬಂದಿದೆ. ಮನೆಗಳು ಬದಲಾದರೆ ಪುಸ್ತಕಾಲಯವೂ ಬದಲಾಗಲೇ ಬೇಕು.

ಈಗ ನಾಲ್ಕನೆಯದರ ಮಾತು. ನಗರದ ನಡುವೆ ಹೊಸದೊಂದು ಪುಸ್ತಕಾಲಯವಾಗಬೇಕೆಂಬ ಸೂಚನೆಯು 1998ರಲ್ಲಿಯೇ ಬಂದಿತು. ಆಗಿನ ಸಂಸ್ಕೃತಿ ಸಚಿವರೂ ಕವಿಗಳೂ ಆಗಿದ್ದ ಕ್ಲೇಸ್ ಆಂಡರ್ಸನ್ನರು ಅದನ್ನು ಮುಂದಿಟ್ಟರು. ಇಪ್ಪತ್ತು ವರ್ಷ ಅದು ಮಾತಿನಲ್ಲಿಯೂ ನಕ್ಷೆಯಲ್ಲಿಯೂ ಇದ್ದಿತು. ಈ ನಡುವೆ ಅಂತರ್ಜಾಲ ಬಂದಿತು. ಕೈಯಲ್ಲಿ ಹಿಡಿದ ದೂರವಾಣಿಯಲ್ಲಿಯೇ ಪುಸ್ತಕ ಓದುವ ಕಾಲ ಬಂದಿತು. ಹೀಗಿರಲು ಕೋಟಿಗಟ್ಟಲೆ ಹಣ ಹಾಕಿ ಪುಸ್ತಕಗಳಿಗೆ ಮನೆ ಕಟ್ಟುವುದು ವಿವೇಕವೇ ಎಂಬ ಪ್ರಶ್ನೆ ಏಳದಿರುವುದೇ? ಪುಸ್ತಕಾಲಯದವರು ತಾವೇ ಉತ್ತರ ಹೇಳದೆ ಊರಿನವರನ್ನು ಕೇಳಿದರು. ಅಲ್ಲಲ್ಲಿ ಒಂದು 'ಕನಸಿನ ಮರ'ವನ್ನು ನಿಲ್ಲಿಸಿ, ಜನರು ತಮಗೆ ಬೇಕಾದುದನ್ನು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟುವಂತೆ ಮಾಡಿದರು. ಎರಡು ಸಾವಿರಕ್ಕೂ ಮಿಕ್ಕ ಬಯಕೆಗಳು ಹೀಗೆ ಕೂಡಿದವು. ಕೆಲಸ ಮಾಡಲು ಸ್ಥಳ, ಸಂಗೀತ ಅಭ್ಯಾಸ ಮಾಡಲು ಕೋಣೆ, ಮಕ್ಕಳೊಡನೆ ಬಂದು ಕುಳಿತುಕೊಳ್ಳಲು ಅನುಕೂಲ, ಹಾಗೆಯೇ ಸದ್ದಿಲ್ಲದ ಮೂಲೆ: ಒಂದಕ್ಕೊಂದು ಒಗ್ಗದ ಬೇಡಿಕೆಗಳು! ಒಂದು ಹಂತದಲ್ಲಿ ಫಿನ್ನರ ಪ್ರಿಯವಾದ ಹಬೆಯ ಸ್ನಾನಗೃಹವೂ ಯೋಜನೆಯಲ್ಲಿದ್ದು ಕಡೆಗೆ ಕೈಬಿಟ್ಟಿತಂತೆ.

ಕಟ್ಟಡದ ರೂಪಕ್ಕಾಗಿ ಸ್ಪರ್ಧೆಯನ್ನು ಏರ್ಪಡಿಸಲು 544 ನಕ್ಷೆಗಳು ಬಂದವು. ಹೆಲ್ಸಿಂಕಿಯವರೇ ಆದ 'ಆಲ' ಎಂಬ ಶಿಲ್ಪಿಗಳ ಸಂಸ್ಥೆಯ ನಕ್ಷೆಯನ್ನು 2013ರಲ್ಲಿ ಆರಿಸಿದರು. ಸುಮಾರು 9 ಕೋಟಿ 80 ಲಕ್ಷ ಯೂರೋ ವೆಚ್ಚವಾಯಿತು. ಅದರಲ್ಲಿ 3 ಕೋಟಿಯನ್ನು ಸರ್ಕಾರವು ಕೊಟ್ಟಿತು, ಸ್ವಾತಂತ್ರ್ಯದ ನೂರನೆಯ ವರ್ಷದ ಕಾಣಿಕೆಯಾಗಿ. 2018ನೆಯ ಡಿಸೆಂಬರ್ 5ರಂದು, ಸ್ವಾತಂತ್ರ್ಯದಿನದ ಹಿಂದಿನ ಸಂಜೆ, ಬಾಗಿಲು ತೆರೆಯಿತು. ಹೆಸರನ್ನೂ ಜನರಿಂದಲೇ ಕೇಳಿ 'ಓಡಿ' ಎಂದಿಟ್ಟರು. ಅದಕ್ಕೆ ನಮ್ಮಲ್ಲಿ ಪ್ರಗಾಥವೆನ್ನುವೆವಲ್ಲ, ಆ ಕವಿತೆಯೆಂದರ್ಥ. ಅವರು ಉಚ್ಚರಿಸಿದುದು ಕನ್ನಡದ ಕಿವಿಗೆ ಒಮ್ಮೆ 'ಓದಿ' ಎಂದೂ ಒಮ್ಮೆ 'ಓಡಿ' ಎಂದೂ ಕೇಳಿಸುತ್ತಿತ್ತು. ಈ ಶ್ಲೇಷೆಯನ್ನು ಮೇಷ್ಟರು ಮುಂದೆ ಚೆನ್ನಾಗಿ ಬಳಸಿಕೊಂಡರು.

ಸ್ಥಳವನ್ನು ಆರಿಸಿದ ಬಗೆಯೇ ಒಂದು ಮಾತು. ರೈಲು ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಮುಂದೆ ವಿಶಾಲವಾದ ಬಯಲು. ಅದಕ್ಕೆ 'ಪ್ರಜೆಗಳ ಚೌಕ'ವೆಂದು ಹೆಸರು. ಬಯಲಿನ ಆಚೆಗೆ ಕಂಬಗಳ ಸಾಲಿನಿಂದ ಗಂಭೀರವಾಗಿ ನಿಂತಿರುವುದು 1931ರ ಪಾರ್ಲಿಮೆಂಟು ಭವನ. ಕೆಂಪುಗಲ್ಲಿನ ಆ ಭವನಕ್ಕೆ ಎದುರಾಗಿ, ಅಲೆಯಂತೆ ಬಾಗಿದ ಮರದ ಮೈಯುಳ್ಳ ಪುಸ್ತಕಾಲಯ. ಶಾಸನ ಮಾಡುವವರು ಮೆಟ್ಟಿಲ ಮೇಲೆ ನಿಂತು ನೋಡಿದರೆ ಓದುವವರ ಉಪ್ಪರಿಗೆಯು ಕಾಣುತ್ತದೆ. ಓದುವವರು ಉಪ್ಪರಿಗೆಯಲ್ಲಿ ನಿಂತರೆ ಶಾಸನ ಮಾಡುವವರು ಕಾಣುತ್ತಾರೆ. 2016ರಲ್ಲಿ ಮಾಡಿದ ಹೊಸ ಪುಸ್ತಕಾಲಯ ಶಾಸನವು ಪ್ರಜಾಪ್ರಭುತ್ವವನ್ನೂ ಮಾತಿನ ಸ್ವಾತಂತ್ರ್ಯವನ್ನೂ ಬೆಳೆಸುವುದು ಪುಸ್ತಕಾಲಯಗಳ ಉದ್ದೇಶಗಳಲ್ಲಿ ಸೇರಿದೆಯೆಂದು ಸಾರಿದೆ. ಅದನ್ನೇ ಇಲ್ಲಿ ಕಲ್ಲಿನಲ್ಲಿಯೂ ಮರದಲ್ಲಿಯೂ ಬರೆದಂತಿದೆ.

ಕಟ್ಟಡಕ್ಕೆ ಮೂರು ಅಂತಸ್ತು. ನೆಲದ ಅಂತಸ್ತಿನಲ್ಲಿ ಒಂದು ಕಂಬವೂ ಇಲ್ಲದ ದೊಡ್ಡ ಅಂಗಳವನ್ನು ಕಂಡು ಬೆರಗಾದೆವು. ಕಟ್ಟಡದ ಕೆಳಗೆ ಮುಂದೆಂದಾದರೂ ಒಂದು ಸುರಂಗಮಾರ್ಗವು ಹೋಗಬಹುದೆಂದು ಆ ಸ್ಥಳವನ್ನು ಬಿಡಬೇಕಾಗಿದ್ದಿತು. ಆದುದರಿಂದ ನೂರು ಮೀಟರಿಗೂ ಉದ್ದವಾದ ಉಕ್ಕಿನ ಎರಡು ಕಮಾನುಗಳನ್ನು ಸೇತುವೆಯಂತೆ ಹಾಕಿ, ಅವುಗಳ ಮೇಲೆ ಮನೆಯನ್ನು ನಿಲ್ಲಿಸಿದ್ದಾರೆ. ಅಡಚಣೆಯೇ ಅನುಕೂಲವಾಯಿತು: ಬಯಲು ಹಾಗೆಯೇ ಒಳಗೆ ಹರಿದು ಬಂದಂತಾಯಿತು. ಬಾಗಿಲಲ್ಲಿ 'ಯಾರು, ಏಕೆ ಬಂದಿರಿ' ಎನ್ನುವ ಮೇಜಿಲ್ಲ. ಉಪಾಹಾರ ಮಂದಿರ, ಹಳೆಯ ಚಿತ್ರಗಳನ್ನು ತೋರಿಸುವ ಚಿತ್ರಮಂದಿರ, ಸಭಾಂಗಣ, ಚದುರಂಗದ ಹಲಗೆಗಳು. ಓದಿದ ಪುಸ್ತಕವನ್ನು ಹಿಂದಕ್ಕೆ ಕೊಡುವ ಕಿಂಡಿಯಲ್ಲಿ ಹಾಕಿದರೆ, ಯಂತ್ರಗಳು ಅದನ್ನು ವಿಂಗಡಿಸುತ್ತವೆ. ಮೇಲೆ ಅದನ್ನು ಹೊತ್ತು ಸಾಗುವುದು ತಾನಾಗಿ ನಡೆಯುವ ಒಂದು ಪುಟ್ಟ ಗಾಡಿ. ಸಿಬ್ಬಂದಿಯವರಿಗೆ ಹೊರೆ ತಪ್ಪಿ, ಬಂದವರೊಡನೆ ಮಾತನಾಡಲು ಹೊತ್ತು ಉಳಿಯುತ್ತದೆ.

ಎರಡನೆಯ ಅಂತಸ್ತಿಗೆ ಹೋದಾಗ ಮೇಷ್ಟರು ಕನ್ನಡಕವನ್ನು ತೆಗೆದು ಒರಸಿ ಮತ್ತೆ ಹಾಕಿಕೊಂಡರು. ಅಲ್ಲಿ ಪುಸ್ತಕಗಳಿಗಿಂತ ಯಂತ್ರಗಳು ಹೆಚ್ಚು. ಸಾಲಾಗಿ ಹೊಲಿಗೆಯ ಯಂತ್ರಗಳು. ಒಬ್ಬ ತರುಣನು ತನ್ನ ಷರಾಯಿಯನ್ನು ತಾನೇ ದುರಸ್ತು ಮಾಡಿಕೊಳ್ಳುತ್ತಿದ್ದನು. ಪಕ್ಕದಲ್ಲಿ ಮೂರು ಆಯಾಮದ ವಸ್ತುಗಳನ್ನು ಮುದ್ರಿಸುವ ಯಂತ್ರ, ಹಾಡು ವಾದ್ಯಗಳ ಅಭ್ಯಾಸಕ್ಕೆ ಕೋಣೆಗಳು, ಹುಡುಗರು ಆಟವಾಡುವ ಗಣಕಯಂತ್ರಗಳು, ಹತ್ತು ಜನ ಸೇರಿ ಅಡಿಗೆ ಮಾಡಿ ಉಣ್ಣಬಹುದಾದ ಒಂದು ಅಡಿಗೆಯ ಮನೆ.

"ಓದಿ ಎನ್ನಬೇಕಾದಲ್ಲಿ ಇವರು ಓಡಿ ಎಂದಿರುವುದು ಸರಿಯಾಗಿಯೇ ಇದೆ" ಎಂದರು ಮೇಷ್ಟರು. "ನೀವೇ ಹೇಳಿ, ಇದು ಪುಸ್ತಕಾಲಯವೋ ಸಂತೆಯೋ? ಹೊಲಿಗೆಗೆ ಅಂಗಡಿಯಿದೆ, ಅಡಿಗೆಗೆ ಮನೆಯಿದೆ. ಸದ್ದಿಲ್ಲದೆ ಓದುವುದಕ್ಕೆ ಊರಿನಲ್ಲಿ ಇದ್ದುದು ಒಂದೇ ಸ್ಥಳ. ಅದನ್ನೂ ಬಿಟ್ಟುಕೊಟ್ಟರೆ ಓದುವವನು ಎಲ್ಲಿಗೆ ಹೋಗಬೇಕು?"

ಇದು ಹಗುರವಾದ ಆಕ್ಷೇಪಣೆಯಲ್ಲ. ಆ ನಗರದಲ್ಲಿಯೂ ಇದನ್ನು ಹೇಳಿದವರುಂಟು. ಮೂರು ಅಂತಸ್ತುಗಳಲ್ಲಿ ಪುಸ್ತಕಕ್ಕೆಂದು ಮುಖ್ಯವಾಗಿ ಮೀಸಲಾದುದು ಒಂದೇ. ಶಾಲೆ ಬಿಟ್ಟ ಹುಡುಗರ ಗುಂಪುಗಳು ಬಂದು ಗದ್ದಲ ಮಾಡುವುದೂ ಉಂಟು. ಕಾವಲುಗಾರರು ಬೇಕಾಗುವುದೂ ಉಂಟು. ಬಾಗಿಲನ್ನು ಅಗಲವಾಗಿ ತೆರೆದವರು ಒಳಗೆ ಬರುವುದೆಲ್ಲವನ್ನೂ ನಿರ್ವಹಿಸಬೇಕು. ನಾವು ಮೇಷ್ಟರಿಗೆ ಕೂಡಲೇ ಉತ್ತರ ಹೇಳಲಿಲ್ಲ. ಕಟ್ಟಡವು ಏನು ಉತ್ತರ ಹೇಳುವುದೋ ನೋಡೋಣವೆಂದು ಸುತ್ತಿದೆವು.

ಹಾಗೆ ನೋಡಿದಾಗ ಶಿಲ್ಪಿಗಳ ಯೋಚನೆಯು ತಿಳಿಯುತ್ತ ಬಂದಿತು. ಮೊದಲನೆಯದಾಗಿ, ಸದ್ದನ್ನು ಅವರು ಅಂತಸ್ತಿನಿಂದ ಅಂತಸ್ತಿಗೆ ಸೋಸಿದ್ದಾರೆ. ಬೀದಿಯ ಸದ್ದು ನೆಲದ ಅಂಗಳದಲ್ಲಿ ನಿಲ್ಲುತ್ತದೆ. ಕೆಲಸದ ಸದ್ದು ಎರಡನೆಯ ಅಂತಸ್ತಿನ ಕೋಣೆಗಳೊಳಗೆ ನಿಲ್ಲುತ್ತದೆ. ಎರಡನೆಯದಾಗಿ, ಅದೇ ಅಂತಸ್ತಿನಲ್ಲಿ ಮೌನವಾಗಿ ಓದುವವರಿಗೆಂದು ಒಂದು ಕೋಣೆಯನ್ನು ಬೇರೆಯಾಗಿ ಇಟ್ಟಿದ್ದಾರೆ. ಹಿಂದೆ ಮನೆಯೆಲ್ಲ ಮೌನವಾಗಿದ್ದು ಮಾತಿಗೆ ಸ್ಥಳವಿರಲಿಲ್ಲ. ಈಗ ಮನೆಯೆಲ್ಲ ಮಾತಾಗಿ ಮೌನಕ್ಕೆ ಬಾಗಿಲು ಹಾಕಿದ ಕೋಣೆಯೊಂದು ದೊರೆತಿದೆ. ಮೇಷ್ಟರು ಆ ಕೋಣೆಗೆ ಹೋದವರು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲ. ಬಂದ ಮೇಲೆ, "ಕೋಣೆ ಚೆನ್ನಾಗಿದೆ, ಚಿಕ್ಕದಾಯಿತು" ಎಂದರು. ಅಷ್ಟು ಮಾತ್ರ ಅವರು ಒಪ್ಪಿಕೊಂಡುದು. ನಾವೂ ಅಷ್ಟನ್ನು ಒಪ್ಪಿಕೊಂಡೆವು.

ಮೂರನೆಯ ಅಂತಸ್ತಿಗೆ ಅಲ್ಲಿಯವರು 'ಪುಸ್ತಕ ಸ್ವರ್ಗ'ವೆನ್ನುತ್ತಾರೆ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಂಗಳ. ಬಿಳಿಯ ಮೋಡದಂತೆ ಏರಿಳಿಯುವ ಮಾಳಿಗೆ, ಅದರಲ್ಲಿ ದುಂಡಗಿನ ಬೆಳಕುಗಂಡಿಗಳು, ಸುತ್ತಲೂ ಗಾಜು. ಸುಮಾರು ಒಂದು ಲಕ್ಷ ಪುಸ್ತಕಗಳು ಬಿಳಿಯ ತಗ್ಗಿನ ಕಪಾಟುಗಳಲ್ಲಿವೆ. ಕಪಾಟು ತಗ್ಗಾಗಿರುವುದರಿಂದ ಗಾಲಿಯ ಕುರ್ಚಿಯಲ್ಲಿ ಬಂದವರ ಕೈಗೂ ಎಷ್ಟೋ ಪುಸ್ತಕಗಳು ನಿಲುಕುತ್ತವೆ. ತಾಯಿಗೆ ಆ ಮೂಲೆಯಲ್ಲಿ ಆಡುವ ಮಗುವಿನ ತಲೆಯೂ ಕಾಣುತ್ತದೆ. ಇಲ್ಲದ ಪುಸ್ತಕವನ್ನು ಸುತ್ತಲಿನ ಊರುಗಳ ಪುಸ್ತಕಾಲಯಗಳಿಂದ ತರಿಸಿಕೊಡುವರು. ಕುಂಡಗಳಲ್ಲಿ ಮರಗಳಿವೆ. ಅಂಗಳದ ಎರಡು ತುದಿಗಳೂ ದಿಬ್ಬದಂತೆ ಮೇಲೇರುತ್ತವೆ; ಮಕ್ಕಳು ಆ ಇಳಿಜಾರಿನಲ್ಲಿ ಉರುಳುತ್ತಾರೆ, ಹರೆಯದವರು ಒರಗಿಕೊಂಡು ಓದುತ್ತಾರೆ. ಮಕ್ಕಳ ಭಾಗದ ಬಳಿ ಕೂಸಿನ ಗಾಡಿಗಳು ನಮ್ಮ ಮದುವೆಮನೆಯ ಮುಂದೆ ಚಪ್ಪಲಿಗಳಿರುವಂತೆ ಗುಂಪುಗುಂಪಾಗಿ ನಿಂತಿದ್ದವು.

ಅಲ್ಲಿ ಕುಳಿತಿದ್ದವರನ್ನು ನೋಡುವುದೇ ನಮಗೆ ಒಂದು ಓದಾಯಿತು. ಕಿಟಕಿಯ ಬಳಿ ಮುದುಕರೊಬ್ಬರು ವೃತ್ತಪತ್ರಿಕೆಯನ್ನು ಹಿಡಿದಿದ್ದರು. ಒಂದು ಗಂಟೆಯಲ್ಲಿ ಎರಡು ಪುಟವನ್ನೂ ಮಗುಚಲಿಲ್ಲ. ಅವರಿಗೆ ಬೇಕಾಗಿದ್ದುದು ಸುದ್ದಿಯೋ, ನಾಲ್ಕು ಜನರ ನಡುವೆ ಇರುವ ಸುಖವೋ? ಎಳೆಯ ಕೂಸಿನ ತಾಯಿಯರು ಮೂವರು ನೆಲದ ಮೇಲೆ ಕುಳಿತು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ದೂರದ ಯಾವುದೋ ದೇಶದಿಂದ ಬಂದವನೊಬ್ಬನು ಫಿನ್ನಿಷ್ ವರ್ಣಮಾಲೆಯ ಪುಸ್ತಕವನ್ನು ತುಟಿಯಾಡಿಸುತ್ತ ಓದುತ್ತಿದ್ದನು. ಅವನ ಪಕ್ಕದಲ್ಲಿ ಐದು ವರ್ಷದ ಅವನ ಮಗಳು ಅದೇ ಭಾಷೆಯ ಕಥೆಯನ್ನು ಸರಾಗವಾಗಿ ಓದುತ್ತಿದ್ದಳು. ಅಂತಸ್ತುಗಳನ್ನು ಸೇರಿಸುವ ಸುರುಳಿ ಸೋಪಾನದ ಗೋಡೆಗೆ ಓಟ್ಟೊ ಕಾರ್ವೊನೆನ್ ಎಂಬ ಕಲಾವಿದರು ನೂರಾರು ಪದಗಳನ್ನು ಬರೆದಿದ್ದಾರೆ. ಪುಸ್ತಕದ ಮೊದಲಲ್ಲಿ ಅರ್ಪಣೆಯಿರುವುದಷ್ಟೆ? ಹಾಗೆ ಈ ಮನೆಯನ್ನು ಯಾರು ಯಾರಿಗೆ ಅರ್ಪಿಸಿದೆಯೆಂಬ ಪಟ್ಟಿ ಅದು. ಆ ಹೆಸರುಗಳನ್ನೂ ಜನರೇ ಸೂಚಿಸಿದರು. ದೊಡ್ಡವರ ಹೆಸರಲ್ಲ, ಬಗೆಬಗೆಯ ಸಾಮಾನ್ಯರು, ಊರು ಮರೆತುಬಿಡಬಹುದಾದವರು.

ತೆರೆದ ಮೊದಲ ವರ್ಷದಲ್ಲಿಯೇ ಮೂವತ್ತು ಲಕ್ಷಕ್ಕೂ ಹೆಚ್ಚು ಸಲ ಜನರು ಈ ಬಾಗಿಲನ್ನು ಹೊಕ್ಕರಂತೆ. 2019ರಲ್ಲಿ ಪುಸ್ತಕಾಲಯಗಳ ಅಂತರರಾಷ್ಟ್ರೀಯ ಸಂಘವು ಇದಕ್ಕೆ ಆ ವರ್ಷದ ಶ್ರೇಷ್ಠ ಸಾರ್ವಜನಿಕ ಪುಸ್ತಕಾಲಯವೆಂಬ ಪ್ರಶಸ್ತಿಯನ್ನಿತ್ತಿತು. ಪ್ರಶಸ್ತಿಗಿಂತ ಆ ಸಂಖ್ಯೆಯೇ ನಮಗೆ ಹೆಚ್ಚಾಗಿ ತೋರಿತು. ಮನೆಯಲ್ಲಿಯೇ ಎಲ್ಲವೂ ಓದಲು ಸಿಕ್ಕುವ ಕಾಲದಲ್ಲಿ ಜನರು ಮನೆಯಿಂದ ಹೊರಟು, ಕೊರೆಯುವ ಚಳಿಯಲ್ಲಿ ನಡೆದು, ಇಲ್ಲಿಗೆ ಬರುವುದೇಕೆ? ಕಲ್ಲಿಯೊದ ಕೂಲಿಕಾರನ ಮನೆಯಲ್ಲಿ ದೀಪವಿರಲಿಲ್ಲ. ಈಗಿನ ಮನೆಯಲ್ಲಿ ದೀಪವಿದೆ, ಬೆಂಕಿಯಿದೆ, ಪುಸ್ತಕವೂ ಇದೆ. ಆದರೆ ಎಷ್ಟೋ ಮನೆಗಳಲ್ಲಿ ಎರಡನೆಯ ಮನುಷ್ಯನಿಲ್ಲ. ಒಬ್ಬೊಬ್ಬರೇ ಇರುವ ಮನೆಗಳು ಆ ದೇಶದಲ್ಲಿ ಬಹಳ. ಅವರ ಮನೆಯಲ್ಲಿ ಇಂದು ಯಾವುದಕ್ಕೆ ಸ್ಥಳವಿಲ್ಲವೋ ಅದಕ್ಕೆ ಈ ಮನೆಯು ಸ್ಥಳ ಕೊಟ್ಟಿದೆ. ಹೊಲಿಗೆಯ ಯಂತ್ರವನ್ನೂ ಅಡಿಗೆಯ ಮನೆಯನ್ನೂ ಈ ದೃಷ್ಟಿಯಿಂದ ನೋಡಿದರೆ ಅವು ಪುಸ್ತಕದ ವೈರಿಗಳಾಗಿ ತೋರುವುದಿಲ್ಲ. ಷರಾಯಿ ಹೊಲಿಯಲು ಬಂದ ತರುಣನು ಇಳಿದು ಹೋಗುವಾಗ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಹೋದುದನ್ನು ಮೇಷ್ಟರೇ ನಮಗೆ ತೋರಿಸಿದರು.

ಇನ್ನು ನಮ್ಮ ನಾಡಿನ ಮಾತು. ಇಷ್ಟು ದೂರದ, ಇಷ್ಟು ಹಣವಂತರ ಊರಿನ ವೈಭವವನ್ನು ಬಣ್ಣಿಸಿ ನಿಟ್ಟುಸಿರು ಬಿಡುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ ಒಂದು ಶತಮಾನದ ಹಿಂದೆ ಕಟ್ಟಿದ ಕೆಂಪು ಮಂದಿರವನ್ನು ನೋಡದವರು ವಿರಳ. ಮರಗಳ ನಡುವೆ ಅಷ್ಟು ಚೆಲುವಾದ ಪುಸ್ತಕಾಲಯವು ಹೆಲ್ಸಿಂಕಿಯಲ್ಲಿಯೂ ಇಲ್ಲವೆಂದು ಮೇಷ್ಟರು ಹೇಳಿದುದನ್ನು ನಾವು ಅಲ್ಲಗಳೆಯಲಿಲ್ಲ. ಅಲ್ಲಿಗೆ ಬರುವವರಲ್ಲಿ ಈಗ ಪರೀಕ್ಷೆಗಳಿಗೆ ಓದುವ ತರುಣ ತರುಣಿಯರೇ ಬಹಳ. ತಮ್ಮ ಪುಸ್ತಕವನ್ನು ತಾವೇ ತಂದು ಕುಳಿತು ಓದುತ್ತಾರೆ. ಅವರಿಗೆ ಬೇಕಾದುದು ಮೇಜು, ಬೆಳಕು, ನಿಶ್ಶಬ್ದ. ಇಕ್ಕಟ್ಟಿನ ಕೋಣೆಯನ್ನು ನಾಲ್ವರೊಡನೆ ಹಂಚಿಕೊಂಡಿರುವ ಹುಡುಗನಿಗೆ ಅದೇ ಕಲ್ಲಿಯೊದ ದೀಪ. ಹೆಲ್ಸಿಂಕಿಯವರಿಗೆ ಇಂದು ಜೊತೆ ಬೇಕು. ನಮ್ಮ ಎಷ್ಟೋ ಮನೆಗಳವರಿಗೆ ಏಕಾಂತ ಬೇಕು. ಆದುದರಿಂದ ಅವರ ಕಟ್ಟಡವನ್ನು ನಾವು ನಕಲು ಮಾಡುವುದು ತರವಲ್ಲ. ಅವರು ಕಟ್ಟುವ ಮೊದಲು ಕೇಳಿದ ಪ್ರಶ್ನೆಯನ್ನು ಮಾತ್ರ ನಾವು ಕೇಳಬೇಕು: ನಮ್ಮ ಊರಿನವರ ಮನೆಯಲ್ಲಿ ಯಾವುದಕ್ಕೆ ಸ್ಥಳವಿಲ್ಲ?

ಈ ಪ್ರಶ್ನೆಯನ್ನು ಕೇಳುವ ಹಕ್ಕು ಗೃಹಸ್ಥರಿಗೆ ಚೆನ್ನಾಗಿ ಉಂಟು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಪ್ರಕಾರ ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ನಾವು ಕೊಡುತ್ತಿದ್ದೇವೆ. ರಸೀತಿಯಲ್ಲಿ ಆ ಸಾಲನ್ನು ಓದಿದವರು ಎಷ್ಟು ಮಂದಿಯೋ! ಹಳ್ಳಿಗಳಲ್ಲಿಯೂ ಕೆಲಸ ನಡೆದಿದೆ. ಗ್ರಾಮ ಪಂಚಾಯಿತಿಗಳ ಪುಸ್ತಕಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಲಾಯಿತು; ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಹೆಸರಿನಲ್ಲಿ ಮಕ್ಕಳನ್ನು ಅಲ್ಲಿಗೆ ಕರೆತರುವ ಪ್ರಯತ್ನವಾಯಿತು; ಆಮೇಲೆ ಅವಕ್ಕೆ 'ಅರಿವು ಕೇಂದ್ರ'ಗಳೆಂಬ ಹೆಸರೂ ಬಂದಿತು. ಭಾರತದ ಪುಸ್ತಕಾಲಯ ಶಾಸ್ತ್ರಕ್ಕೆ ಪಿತಾಮಹರಾದ ಎಸ್. ಆರ್. ರಂಗನಾಥನ್ನರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಪುಸ್ತಕಾಲಯದ ಬೆಳವಣಿಗೆಯನ್ನು ಕುರಿತುದೇ ಆಗಿದೆ. ಆ ವಿಚಾರವನ್ನು ನಾವು ಹೊರಗಿನವರಿಂದ ಎರವಲು ತರಬೇಕಾಗಿಲ್ಲ.

ಕೋಟಿಗಟ್ಟಲೆ ಹಣವಿಲ್ಲದೆಯೂ ಆಗಬಹುದಾದ ಕೆಲಸಗಳು ಅನೇಕವಿವೆ. ಗೃಹಿಣಿಯು ಅಂಜದೆ ಒಂದು ಗಂಟೆ ಕುಳಿತುಕೊಳ್ಳಬೇಕಾದರೆ ಮೊದಲು ಬೇಕಾದುದು ಶುಚಿಯಾದ ಶೌಚಗೃಹ ಮತ್ತು ಕುಡಿಯುವ ನೀರು. ಇವಿಲ್ಲದ ಪುಸ್ತಕಾಲಯವು ಗಂಡಸರ ಕೂಟವಾಗಿಯೇ ಉಳಿಯುತ್ತದೆ. ಮಗುವಿನ ಕೈಗೆ ಎಟಕುವಂತೆ ಒಂದು ತಗ್ಗಿನ ಕಪಾಟು, ನೆಲಕ್ಕೆ ಒಂದು ಜಮಖಾನೆ. ಮುದುಕರಿಗೆ ಕೈಯುಳ್ಳ ಕುರ್ಚಿ. ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರು. ದುಡಿಯುವವರು ಮನೆಗೆ ಮರಳಿದ ಮೇಲೂ ಎರಡು ಗಂಟೆ ತೆರೆದಿರುವ ಬಾಗಿಲು. ಇರುವ ಎರಡು ಕೋಣೆಗಳಲ್ಲಿ ಒಂದು ಮಾತಿಗೆ, ಒಂದು ಮೌನಕ್ಕೆ. ನಡುವೆ ಚೆನ್ನಾಗಿ ಮುಚ್ಚುವ ಒಂದು ಕದ. ಮೌನದ ಕೋಣೆಯು ಚಿಕ್ಕದಾಗದಿರಲಿ ಎಂಬ ಮೇಷ್ಟರ ಮಾತನ್ನು ಇಲ್ಲಿ ನಮ್ಮದಾಗಿಯೂ ಸೇರಿಸುತ್ತೇವೆ. ನಮ್ಮ ನಾಡಿನಲ್ಲಿ ಅದರ ಅಗತ್ಯ ಹೆಚ್ಚು.

ಊರಿನ ಪುಸ್ತಕಾಲಯಕ್ಕೆ ವರ್ಷಕ್ಕೊಮ್ಮೆಯೂ ಹೋಗದೆ ಅದು ಹಾಳಾಯಿತೆಂದು ಹೇಳುವವರು ನಮ್ಮಲ್ಲಿ ಬಹಳ. ಬಾಗಿಲು ತೆರೆಯುವುದು ಸರ್ಕಾರದ ಕೆಲಸವಾದರೂ ಹೊಸ್ತಿಲನ್ನು ಸವೆಸುವುದು ಊರಿನವರ ಕೆಲಸ. ವಾಚಕರು ಮುಂದಿನ ಭಾನುವಾರ ಮನೆಯ ಮಕ್ಕಳನ್ನೂ ಹಿರಿಯರನ್ನೂ ಕರೆದ��ಕೊಂಡು ತಮ್ಮ ಊರಿನ ಪುಸ್ತಕಾಲಯಕ್ಕೆ ಒಮ್ಮೆ ಹೋಗಿ ಬರಲಿ. ಅಜ್ಜಿಗೆ ಕುಳಿತುಕೊಳ್ಳಲು ಸ್ಥಳವಿದೆಯೇ, ಮಗುವಿಗೆ ಕಪಾಟು ಎಟಕುವುದೇ, ಮಗಳು ಸಂಜೆಯವರೆಗೆ ನೆಮ್ಮದಿಯಾಗಿ ಓದಬಹುದೇ ಎಂದು ನೋಡಲಿ. ಇಲ್ಲದಿದ್ದರೆ ಅಲ್ಲಿರುವ ಸಲಹೆಯ ಪುಸ್ತಕದಲ್ಲಿ ಎರಡು ಸಾಲು ಬರೆದು ಬರಲಿ. ಪಂಚಾಯಿತಿಯ ಸಭೆಯಲ್ಲಿಯೋ ನಗರಸಭೆಯ ಸದಸ್ಯರೊಡನೆಯೋ ಆ ಎರಡು ಸಾಲನ್ನು ಮತ್ತೆ ಹೇಳಲಿ. ಹೆಲ್ಸಿಂಕಿಯ ದೊಡ್ಡ ಮನೆಯೂ ಜನರು ಬರೆದು ಕಟ್ಟಿದ ಚೀಟಿಗಳಿಂದಲೇ ಬೆಳೆದುದು.